ಊರ ಬೆಟ್ಟಕ್ಕೆ ಬೆಳಗಿನ ಬಸ್ಸು ಬೇಕು

2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಗೆ ವಾರಾಂತ್ಯವೂ ಸೇರಿಕೊಂಡಾಗ ಕುಮಾರಪರ್ವತದ ಹಾದಿಯಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಜನ ಸೇರಿದ್ದರು. ಸಾಲುಗಟ್ಟಿ ನಿಂತ ಚಾರಣಿಗರ ವಿಡಿಯೊ ಮೊಬೈಲುಗಳಲ್ಲಿ ಹರಿದಾಡಿತು. ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಗಳನ್ನು ಸರ್ಕಾರ ತಾತ್ಕಾಲಿಕವಾಗಿ ನಿಲ್ಲಿಸಿತು. ಅದೇ ವರ್ಷ ಅರಣ್ಯ ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣ ಶುರುವಾಗಿ, ಒಂದು ಹಾದಿಗೆ ದಿನಕ್ಕೆ 300 ಜನ ಎಂಬ ಮಿತಿಯೂ ಬಂತು. ಕ್ರಮ ಸರಿಯಾದದ್ದೇ, ಪಶ್ಚಿಮಘಟ್ಟದ ಹುಲ್ಲುಗಾವಲು ಅಷ್ಟು ಕಾಲುಗಳನ್ನು ತಾಳಲಾರದು. ಆದರೆ ಸಮಸ್ಯೆಯ ಅರ್ಧಕ್ಕೆ ಮಾತ್ರ ಅದು ಉತ್ತರ. ಟಿಕೆಟ್ ಸಿಗದವರು ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆಯನ್ನು ಯಾರೂ ಎತ್ತಲಿಲ್ಲ. ಹಾಗಾಗಿ ಅವರು ಇನ್ನೊಂದು ಹೆಸರಾಂತ ಶಿಖರಕ್ಕೋ, ಇಲ್ಲವೇ ಬೆಂಗಳೂರಿನಿಂದ 60 ಕಿಲೋಮೀಟರ್ ದೂರದ ನಂದಿಬೆಟ್ಟಕ್ಕೋ ನುಗ್ಗುತ್ತಾರೆ. ನಮ್ಮ ಪ್ರತಿ ಊರಿನ ಪಕ್ಕದಲ್ಲೂ ಒಂದೆರಡು ಗಂಟೆಯಲ್ಲಿ ಹತ್ತಿ ಇಳಿಯಬಹುದಾದ ಗುಡ್ಡವೋ, ಕೆರೆಯಂಚಿನ ಹಾದಿಯೋ, ದೊಡ್ಡ ಉದ್ಯಾನವೋ ಇದೆ. ಅವನ್ನು ಕುಡಿಯುವ ನೀರು, ಗ್ರಂಥಾಲಯಗಳಂತೆ ಊರಿನ ಸೌಕರ್ಯವೆಂದು ಲೆಕ್ಕಕ್ಕೆ ಹಿಡಿದು, ಜನ ನಡೆದು ತಲುಪುವಂತೆ ಮಾಡಬೇಕು. ಇದರಿಂದ ಜನರ ಆರೋಗ್ಯಕ್ಕೂ ಒಳ್ಳೆಯದು, ದೂರದ ಕಾಡುಗಳಿಗೂ ಉಸಿರಾಡಲು ಬಿಡುವು ಸಿಗುತ್ತದೆ.

ಆರೋಗ್ಯದಿಂದಲೇ ಶುರು ಮಾಡೋಣ. ವಯಸ್ಕರು ವಾರಕ್ಕೆ ಕನಿಷ್ಠ 150 ನಿಮಿಷ, ಉಸಿರು ತುಸು ಏರುವಷ್ಟು ಚುರುಕಾಗಿ ದೇಹ ದಂಡಿಸಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆ ಇದೆ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನ ಸಮೀಕ್ಷೆ 2023ರಲ್ಲಿ ಅಂದಾಜು ಮಾಡಿತು. ಮೂರು ತಿಂಗಳಿಗೊಮ್ಮೆ ರಾತ್ರಿ ಬಸ್ಸಿನಲ್ಲಿ ಘಟ್ಟಕ್ಕೆ ಹೋಗಿ, ಬಂದ ಮೇಲೆ ಎರಡು ದಿನ ಕಾಲುನೋವಿನಲ್ಲಿ ಮಲಗುವುದರಿಂದ ಈ ವಾರದ ಲೆಕ್ಕ ಭರ್ತಿಯಾಗುವುದಿಲ್ಲ. ಇಂಗ್ಲೆಂಡಿನ ಸುಮಾರು 20,000 ಜನರ ಮಾಹಿತಿ ಆಧರಿಸಿ 2019ರಲ್ಲಿ ಪ್ರಕಟವಾದ ಅಧ್ಯಯನವೊಂದು ಇಲ್ಲಿ ಉಪಯೋಗಕ್ಕೆ ಬರುತ್ತದೆ. ವಾರಕ್ಕೆ ಒಟ್ಟು 120 ನಿಮಿಷವಾದರೂ ಉದ್ಯಾನ, ಕಾಡು, ಕಡಲತೀರಗಳಲ್ಲಿ ಕಳೆಯುವವರಲ್ಲಿ ‘ನನ್ನ ಆರೋಗ್ಯ ಚೆನ್ನಾಗಿದೆ’ ಎಂದವರ ಪ್ರಮಾಣ ಹೆಚ್ಚಿತ್ತು. ಆ ಎರಡು ಗಂಟೆಯನ್ನು ಒಂದೇ ಸಲ ಕಳೆದರೋ ಮೂರ್ನಾಲ್ಕು ಸಲ ಹಂಚಿ ಕಳೆದರೋ ಎಂಬುದರಿಂದ ವ್ಯತ್ಯಾಸವೇನೂ ಕಾಣಲಿಲ್ಲ. ಆರೋಗ್ಯವಾಗಿರುವವರೇ ಹೆಚ್ಚು ಹೊರಗೆ ಹೋಗುತ್ತಾರಲ್ಲ, ಇದರಲ್ಲಿ ಕಾರಣ ಯಾವುದು, ಪರಿಣಾಮ ಯಾವುದು ಎಂದು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ ಅದು. ಅಧ್ಯಯನವೂ ಅದನ್ನು ಬಗೆಹರಿಸುವುದಿಲ್ಲ. ಆದರೂ ಕೆಲಸಕ್ಕೆ ಹೋಗುವ ಮೊದಲು ಮುಕ್ಕಾಲು ಗಂಟೆ ಏರಿಳಿಯಬಹುದಾದ ಗುಡ್ಡ ಹತ್ತಿರದಲ್ಲಿದ್ದರೆ ವಾರಕ್ಕೆ ಮೂರು ದಿನ ಹೋಗುವುದು ಸಾಧ್ಯ, ಇನ್ನೂರೈವತ್ತು ಕಿಲೋಮೀಟರ್ ಆಚೆಯ ಶಿಖರಕ್ಕೆ ಸಾಧ್ಯವಿಲ್ಲ ಎಂಬುದಕ್ಕೆ ಯಾವ ಅಧ್ಯಯನವೂ ಬೇಕಾಗಿಲ್ಲ.

ಊರ ಗುಡ್ಡದಲ್ಲಿ ನೋಡುವಂಥದ್ದು ಏನಿದೆ ಎಂಬುದು ಸಾಮಾನ್ಯವಾಗಿ ಕೇಳಿಬರುವ ಮಾತು. ಬೆಂಗಳೂರಿನ ಲಾಲ್‌ಬಾಗ್ ಬಂಡೆಯನ್ನೇ ತೆಗೆದುಕೊಳ್ಳಿ. ಸುಮಾರು 300 ಕೋಟಿ ವರ್ಷ ಹಳೆಯದೆನ್ನುವ ಈ ನೈಸ್ ಶಿಲೆಯನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ 1975ರಲ್ಲಿ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿತು. ಬಗ್ಗಿ ನೋಡಿದರೆ ಕಪ್ಪು ಬಿಳುಪಿನ ಪಟ್ಟಿಗಳು ಒಂದರ ಪಕ್ಕ ಒಂದು ಓಡುತ್ತಾ, ಕೆಲವು ಕಡೆ ಹಿಟ್ಟು ನಾದಿದಂತೆ ಮಡಚಿಕೊಂಡಿರುವುದು ಬರಿಗಣ್ಣಿಗೇ ಕಾಣುತ್ತದೆ. ಮಳೆಗಾಲದಲ್ಲಿ ಬಂಡೆಯ ಸಣ್ಣ ತಗ್ಗುಗಳಲ್ಲಿ ನೀರು ನಿಲ್ಲುತ್ತದೆ, ಬಿರುಕಿನಲ್ಲಿ ಕೂತ ಹಿಡಿಯಷ್ಟು ಮಣ್ಣಿನಲ್ಲೇ ಹುಲ್ಲು ಚಿಗುರುತ್ತದೆ. ಮೇಲೆ ಕೆಂಪೇಗೌಡರ ಹೆಸರಿನ ಗೋಪುರ. ಹತ್ತಲು ಹತ್ತು ನಿಮಿಷ ಸಾಕು, ಮೆಟ್ರೊ ನಿಲ್ದಾಣ ನಡೆದು ಹೋಗುವಷ್ಟು ಹತ್ತಿರ. ವಿದೇಶದ ಭೂವಿಜ್ಞಾನದ ಪಾಠಗಳಲ್ಲೂ ಬರುವ ದಕ್ಷಿಣ ಭಾರತದ ಈ ತಳಪಾಯದ ಶಿಲೆಯ ಮೇಲೆ ದಿನವೂ ಸಾವಿರಾರು ಜನ ಓಡಾಡುತ್ತಾರೆ. ಅದೇನೆಂದು ತಿಳಿಸಿಕೊಡುವ ಒಬ್ಬ ಮಾರ್ಗದರ್ಶಿಯನ್ನು ಭಾನುವಾರ ಬೆಳಿಗ್ಗೆಯಾದರೂ ಅಲ್ಲಿ ನಿಲ್ಲಿಸಬಾರದೇ? ಗುಡ್ಡ ಸಣ್ಣದಿರಬಹುದು, ಅಲ್ಲಿ ತಿಳಿಯುವುದಕ್ಕಿರುವುದು ಸಣ್ಣದಲ್ಲ.

ಮೈಸೂರಿನ ಚಾಮುಂಡಿ ಬೆಟ್ಟ ಇದಕ್ಕಿಂತ ದೊಡ್ಡ ಉದಾಹರಣೆ. ಸಾವಿರ ಮೆಟ್ಟಿಲ ಹಾದಿಯ ನಡುವೆ ದೊಡ್ಡ ದೇವರಾಜ ಒಡೆಯರ ಕಾಲದ ಏಕಶಿಲಾ ನಂದಿ ಕೂತಿದೆ. ನಸುಕಿನಲ್ಲೇ ಬಂದು ಪ್ರತಿ ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚುತ್ತಾ ಹತ್ತುವ ಹೆಂಗಸರು, ಪೊಲೀಸ್ ಪರೀಕ್ಷೆಗೆಂದು ಓಡುವ ಹುಡುಗರು, ಡಾಕ್ಟರು ಹೇಳಿದರೆಂದು ನಿಧಾನವಾಗಿ ಏರುವ ನಿವೃತ್ತರು ಎಲ್ಲರೂ ಅದೇ ಹಾದಿಯಲ್ಲಿ ಸಿಗುತ್ತಾರೆ. ಹತ್ತಿ ನಿಂತು ಹಿಂದಿರುಗಿ ನೋಡಿದರೆ ಕುದುರೆ ರೇಸಿನ ಮೈದಾನದ ಅಂಡಾಕಾರ, ಕಾರಂಜಿ ಕೆರೆ, ಲಲಿತಮಹಲಿನ ಬಿಳಿ ಗುಮ್ಮಟ. ತನ್ನ ಊರನ್ನು ಒಮ್ಮೆಗೇ ಇಡಿಯಾಗಿ ನೋಡುವ ಅವಕಾಶ ಊರವನಿಗೆ ಬೇರೆಲ್ಲೂ ಸಿಗುವುದಿಲ್ಲ. ಯಾವ ಕೆರೆ ಕುಗ್ಗಿತು, ಯಾವ ದಿಕ್ಕಿಗೆ ಕಟ್ಟಡಗಳು ಬೆಳೆದವು, ಹಸಿರು ಎಲ್ಲಿ ಉಳಿದಿದೆ ಎಂಬುದು ನಗರಸಭೆಯ ನಕ್ಷೆಗಿಂತ ಚೆನ್ನಾಗಿ ಅಲ್ಲಿಂದ ಅರ್ಥವಾಗುತ್ತದೆ. ಕಣ್ಣಿಗೆ ಬೀಳುವ ಹಸಿರು ಮೈಗೂ ಹತ್ತುತ್ತದೆಂಬುದಕ್ಕೆ ಹಳೆಯದೊಂದು ಆಧಾರವಿದೆ. ಅಮೆರಿಕದ ಪೆನ್ಸಿಲ್ವೇನಿಯಾದ ಆಸ್ಪತ್ರೆಯೊಂದರ 46 ಶಸ್ತ್ರಚಿಕಿತ್ಸೆ ರೋಗಿಗಳ ದಾಖಲೆಗಳನ್ನು ಸಂಶೋಧಕ ರೋಜರ್ ಉಲ್ರಿಕ್ 1984ರಲ್ಲಿ ಹೋಲಿಸಿ ನೋಡಿದರು. ಇಟ್ಟಿಗೆ ಗೋಡೆಗೆ ಎದುರಾದ ಕೋಣೆಯಲ್ಲಿದ್ದವರಿಗಿಂತ ಕಿಟಕಿಯಾಚೆ ಮರಗಳು ಕಾಣುತ್ತಿದ್ದವರು ಬೇಗ ಮನೆಗೆ ಹೋಗಿದ್ದರು, ಬಲವಾದ ನೋವು ನಿವಾರಕಗಳನ್ನೂ ಕಡಿಮೆ ತೆಗೆದುಕೊಂಡಿದ್ದರು. ರೋಗಿಗಳ ಸಂಖ್ಯೆ ಸಣ್ಣದು ನಿಜ, ಆದರೆ ಆಮೇಲೆ ಈ ವಿಷಯದಲ್ಲಿ ನಡೆದ ಬಹಳಷ್ಟು ಸಂಶೋಧನೆಗೆ ದಾರಿ ತೋರಿದ್ದು ಇದೇ.

ಇಷ್ಟೆಲ್ಲ ಇರುವಾಗ ಈ ಜಾಗಗಳನ್ನು ನಾವು ಹೇಗೆ ನಡೆಸಿಕೊಳ್ಳುತ್ತಿದ್ದೇವೆ? ಉದ್ಯಾನ, ಆಟದ ಮೈದಾನಗಳನ್ನು ಕಾಪಾಡಲು ರಾಜ್ಯದಲ್ಲಿ 1985ರ ಕಾಯ್ದೆಯಿದೆ. ಲಾಲ್‌ಬಾಗ್, ಕಬ್ಬನ್ ಪಾರ್ಕ್‌ಗಳಿಗೆ 1975ರದ್ದೇ ಪ್ರತ್ಯೇಕ ಕಾನೂನು ಇದೆ. ಆದರೆ ಸಣ್ಣ ಊರುಗಳ ಬಂಡೆಗುಡ್ಡಗಳಿಗೆ ಇಂಥ ರಕ್ಷಣೆ ಇಲ್ಲ. ಕಂದಾಯ ಇಲಾಖೆಯ ದಾಖಲೆಯಲ್ಲಿ ಅವು ಎಷ್ಟೋ ಕಡೆ ಸಾಗುವಳಿಗೆ ಬಾರದ ಖರಾಬು ಜಮೀನು. ಹಾಗೆ ಬರೆದಿಟ್ಟ ಗುಡ್ಡಕ್ಕೆ ಕಲ್ಲುಗಣಿಯ ಗುತ್ತಿಗೆ ಕೊಡುವುದು ಸುಲಭ. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಹೋದರೆ ಅರ್ಧ ಕತ್ತರಿಸಿ ನಿಂತ ಗುಡ್ಡಗಳು ರಸ್ತೆಯಿಂದಲೇ ಕಾಣುತ್ತವೆ. ಇನ್ನೊಂದು ಅಪಾಯ ಅಭಿವೃದ್ಧಿಯ ಹೆಸರಿನಲ್ಲಿ ಬರುತ್ತದೆ. ಮಣ್ಣಿನ ಹಾದಿ ಇದ್ದಲ್ಲಿ ಇಂಟರ್‌ಲಾಕ್ ಟೈಲ್ಸ್, ಕುರುಚಲು ಗಿಡಗಳಿದ್ದಲ್ಲಿ ಹುಲ್ಲುಹಾಸು, ನಡುವೆ ಸೆಲ್ಫಿ ಪಾಯಿಂಟ್, ಆಮೇಲೆ ಟಿಕೆಟ್ ಕೌಂಟರ್. ಬೆಂಗಳೂರಿನ ದಕ್ಷಿಣದಂಚಿನಲ್ಲಿ 500 ಎಕರೆಗೂ ಹೆಚ್ಚಿರುವ ತುರಹಳ್ಳಿ ಕಾಡಿನಲ್ಲಿ ಟ್ರೀ ಪಾರ್ಕ್ ಮಾಡುವ ಯೋಜನೆ 2021ರಲ್ಲಿ ಬಂದಾಗ ಎದ್ದುನಿಂತು ಬೇಡವೆಂದವರು ಯಾರು? ಅಲ್ಲಿ ದಿನವೂ ನಡೆಯುವವರು, ಹಕ್ಕಿ ನೋಡುವವರು, ಬಂಡೆ ಹತ್ತಲು ಕಲಿಯುವವರು, ಸುತ್ತಲ ಬಡಾವಣೆಗಳ ಕುಟುಂಬಗಳು. ಲಾಲ್‌ಬಾಗ್‌ನ ಜಾಗ ಸುರಂಗ ರಸ್ತೆಗೆ ಹೋಗಬಹುದೆಂಬ ಸುದ್ದಿ 2025ರಲ್ಲಿ ಬಂದಾಗಲೂ ಮೊದಲು ದನಿ ಎತ್ತಿದವರಲ್ಲಿ ಬೆಳಗಿನ ವಾಯುವಿಹಾರಿಗಳಿದ್ದರು. ಜನ ಕಾಲಿಟ್ಟು ಬಲ್ಲ ಜಾಗವನ್ನು ಕಸಿಯುವುದು ಸರ್ಕಾರಕ್ಕಾಗಲಿ ಗುತ್ತಿಗೆದಾರನಿಗಾಗಲಿ ಕಷ್ಟ.

ಸಣ್ಣ ಗುಡ್ಡಗಳಿಗೂ ಜನ ನುಗ್ಗಿದರೆ ಅವೂ ಕುಮಾರಪರ್ವತದ ಹಾದಿಯನ್ನೇ ಹಿಡಿಯುವುದಿಲ್ಲವೇ ಎಂಬ ಪರಿಸರಪ್ರಿಯರ ಆತಂಕವನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಕೆಲವು ಬೆಟ್ಟಗಳಿಂದ ನಾವು ದೂರವೇ ಇರಬೇಕು. ರಾಮನಗರದ ರಾಮದೇವರ ಬೆಟ್ಟ ಉದ್ದಕೊಕ್ಕಿನ ರಣಹದ್ದುಗಳು ಗೂಡು ಕಟ್ಟುವ ತಾಣ. ಅದು ರಣಹದ್ದು ಧಾಮವೆಂದು ಘೋಷಣೆಯಾಗಿದೆ. ಅಲ್ಲಿ ನಿರ್ಬಂಧ ಬಿಗಿಯಾದಷ್ಟೂ ಒಳ್ಳೆಯದು. ಚಿರತೆ ಓಡಾಡುವ ಗುಡ್ಡಗಳಲ್ಲಿ ಮುಂಜಾನೆ, ಮುಸ್ಸಂಜೆ ಪ್ರವೇಶ ಬೇಡ. ಆದರೆ ಈ ಆತಂಕದ ಹಿಂದೆ ಇನ್ನೊಂದು ಲೆಕ್ಕವೂ ಇದೆ. ಕುಮಾರಪರ್ವತ ಹಾಳಾಗುವುದು ಇಡೀ ರಾಜ್ಯದ ಜನ ಒಂದೇ ರಜೆಯಲ್ಲಿ ಒಂದೇ ಕಡೆ ಸೇರುವುದರಿಂದ. ಶಿವಗಂಗೆ, ದೇವರಾಯನದುರ್ಗ, ಕೋಲಾರದ ಅಂತರಗಂಗೆ, ಶ್ರೀರಂಗಪಟ್ಟಣದ ಕರಿಘಟ್ಟ, ಹುಬ್ಬಳ್ಳಿಯ ನೃಪತುಂಗ ಬೆಟ್ಟ ಹೀಗೆ ಆಯಾ ಊರಿನವರು ಆಯಾ ಬೆಟ್ಟಕ್ಕೆ ವಾರದ ಬೇರೆಬೇರೆ ದಿನ ಹೋದರೆ ಆ ಒತ್ತಡ ಹಂಚಿಹೋಗುತ್ತದೆ. ಒಂದು ಗುರುತಿಸಿದ ಕಾಲುಹಾದಿ, ಅದರಾಚೆ ಹೆಜ್ಜೆ ಇಡದ ಶಿಸ್ತು, ಪ್ಲಾಸ್ಟಿಕ್ ಬಾಟಲಿಗೆ ತಡೆ, ಇಷ್ಟಿದ್ದರೆ ಹೊಟ್ಟೆಪಾಡಿಗೆ ಗುಡ್ಡವನ್ನೇ ನಂಬಿದ ನವಿಲಿಗೂ ಕಾಡುಮೊಲಕ್ಕೂ ಜಾಗ ಉಳಿಯುತ್ತದೆ. ಯಾರೂ ಕಾಲಿಡದ ಗುಡ್ಡದ ಬುಡಕ್ಕೆ ರಾತ್ರಿ ಟ್ರ್ಯಾಕ್ಟರಿನಲ್ಲಿ ಕಟ್ಟಡದ ಕಸ ತಂದು ಸುರಿಯುವುದನ್ನು ಯಾವ ಊರಿನವರೂ ಬಲ್ಲರು.

ಹೆಂಗಸರು ಒಬ್ಬರೇ ಹೋಗುವುದು ಹೇಗೆ, ವಯಸ್ಸಾದವರು ಹತ್ತುವುದು ಹೇಗೆ ಎಂಬ ಪ್ರಶ್ನೆಗಳಿಗೆ ಬರಿ ಉತ್ಸಾಹದ ಮಾತು ಉತ್ತರವಾಗದು. ಮೊದಲನೆಯದಕ್ಕೆ ನಿಗದಿತ ಹೊತ್ತು, ಹಾದಿಯ ಬುಡದಲ್ಲೊಬ್ಬ ಕಾವಲುಗಾರ ಮತ್ತು ಶೌಚಾಲಯ ಬೇಕು. ಇವು ಇಲ್ಲದ ಜಾಗಕ್ಕೆ ಹೆಣ್ಣುಮಕ್ಕಳು ಬರುತ್ತಿಲ್ಲವೆಂದು ದೂರುವುದು ಅನ್ಯಾಯ. ಎರಡನೆಯದಕ್ಕೆ ರೋಪ್‌ವೇ ಎಂಬ ಉತ್ತರ ಸಿದ್ಧವಾಗಿರುತ್ತದೆ. ಚಾಮುಂಡಿ ಬೆಟ್ಟದ ರೋಪ್‌ವೇ ಪ್ರಸ್ತಾವಕ್ಕೆ ಮೈಸೂರಿನಲ್ಲಿ ವಿರೋಧ ಬಂದದ್ದು ಸುಮ್ಮನೆ ಅಲ್ಲ. ಬೆಟ್ಟಕ್ಕೆ ಆಗಲೇ ರಸ್ತೆಯಿದೆ, ನಗರ ಸಾರಿಗೆ ಬಸ್ಸಿದೆ. 2021ರ ಆಗಸ್ಟ್‌ನಲ್ಲಿ ನಂದಿಬೆಟ್ಟದ ರಸ್ತೆಗೆ ಗುಡ್ಡ ಜರಿಯಿತು, ಅದೇ ವರ್ಷದ ಮಳೆಗೆ ಚಾಮುಂಡಿ ಬೆಟ್ಟದ ನಂದಿ ರಸ್ತೆಯೂ ಕುಸಿಯಿತು. ಇಳಿಜಾರನ್ನು ಮತ್ತೆ ಮತ್ತೆ ಕಡಿದು ಭಾರ ಹೇರುವ ಮುನ್ನ ಈ ಎರಡು ಘಟನೆಗಳನ್ನು ನೆನೆಯುವುದು ಒಳ್ಳೆಯದು. ಮಂಡಿನೋವಿನವರಿಗೆ ಬೇಕಾದದ್ದು ಬುಡದ ಸುತ್ತ ಅರ್ಧ ಕಿಲೋಮೀಟರಿನ ಸಮತಟ್ಟಾದ ಹಾದಿ, ಅಲ್ಲಲ್ಲಿ ಕೂರಲು ಕಲ್ಲುಬೆಂಚು, ದೂರದವರೆಗೆ ಕಾಣುವ ಒಂದು ತಿರುವು. ಅದಕ್ಕೆ ತಗಲುವ ಖರ್ಚು ರೋಪ್‌ವೇಯ ಹತ್ತಿರಕ್ಕೂ ಬರುವುದಿಲ್ಲ.

ಹಾಗಾದರೆ ಮೊದಲು ಆಗಬೇಕಾದದ್ದೇನು? ಬೆಂಗಳೂರಿನ ಪಾರ್ಕುಗಳನ್ನು ಬೆಳಗಿನ 5ರಿಂದ ರಾತ್ರಿ 10ರವರೆಗೆ ತೆರೆದಿಡುವ ನಿರ್ಧಾರ 2024ರಲ್ಲಿ ಬಂತು. ಗೇಟಿಗೆ ಬೀಗ ಹಾಕುವುದೇ ನಿರ್ವಹಣೆ ಎಂದು ತಿಳಿದಿದ್ದ ಆಡಳಿತಕ್ಕೆ ಅದು ದೊಡ್ಡ ಬದಲಾವಣೆ. ಉಳಿದ ಊರುಗಳೂ ಅದನ್ನು ಅನುಸರಿಸಲಿ. ಲಾಲ್‌ಬಾಗ್‌ನಲ್ಲಿ ಬೆಳಗಿನ ನಡಿಗೆಯವರಿಗೆ ಟಿಕೆಟ್ ಇಲ್ಲದಿರುವಂತೆ ಊರಿನವರಿಗೆ ಊರ ಬೆಟ್ಟವೂ ಉಚಿತವಾಗಿರಲಿ. ಪ್ರತಿ ತಾಲ್ಲೂಕು ತನ್ನ ಗುಡ್ಡ, ಕೆರೆಯೇರಿ, ಕಾಲುಹಾದಿಗಳ ಪಟ್ಟಿ ಮಾಡಿ, ಖರಾಬಿನಲ್ಲಿರುವ ಗುಡ್ಡಗಳನ್ನು ಗಣಿಗುತ್ತಿಗೆಯಿಂದ ಹೊರಗಿಡುವ ಠರಾವು ಮಾಡಲಿ. ಎಲ್ಲಕ್ಕಿಂತ ಮುಖ್ಯ, ಬಸ್ಸು. ಕನಕಪುರ ರಸ್ತೆಯ ಮೆಟ್ರೊ 2021ರಲ್ಲಿ ಇನ್ನಷ್ಟು ಮುಂದಕ್ಕೆ ವಿಸ್ತರಣೆಯಾದ ಮೇಲೆ ವಾಜರಹಳ್ಳಿ, ತಲಘಟ್ಟಪುರ ನಿಲ್ದಾಣಗಳಿಂದ ತುರಹಳ್ಳಿ ಹತ್ತಿರವಾಗಿದೆ. ಅಂಥ ಅನುಕೂಲ ತುಮಕೂರಿನಲ್ಲಿ, ಕೋಲಾರದಲ್ಲಿ, ಹುಬ್ಬಳ್ಳಿಯಲ್ಲಿ ಇಲ್ಲ. ಕಾರಿದ್ದವರಿಗೆ ಮಾತ್ರ ತಲುಪುವ ಬೆಟ್ಟ ಊರಿನದಾಗುವುದಿಲ್ಲ, ಬುಡದಲ್ಲಿ ಪಾರ್ಕಿಂಗಿಗೆಂದು ಇನ್ನಷ್ಟು ಮರ ಕಡಿಯುವುದೂ ತಪ್ಪುವುದಿಲ್ಲ. ಶನಿವಾರ, ಭಾನುವಾರ ಬೆಳಿಗ್ಗೆ ಆರು ಗಂಟೆಗೆ ಬಸ್ ನಿಲ್ದಾಣದಿಂದ ಬೆಟ್ಟದ ಬುಡಕ್ಕೆ ಒಂದು, ಒಂಬತ್ತಕ್ಕೆ ವಾಪಸ್ ಒಂದು ಬಸ್ಸನ್ನು ಆರು ತಿಂಗಳು ಬಿಟ್ಟು ನೋಡಲು ಸಾರಿಗೆ ಸಂಸ್ಥೆಗೆ ಹೊಸ ಕಾನೂನೂ ಬೇಡ, ಹೊಸ ಯೋಜನಾ ವರದಿಯೂ ಬೇಡ. ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಯಡಿ ಆ ಪ್ರಯಾಣಕ್ಕೆ ದುಡ್ಡೂ ಬೇಕಿಲ್ಲ.