ಲೆಕ್ಕ ಹೇಳಿದವರನ್ನು ಮರೆತ ಊರು

ನೇಸರಿಯ ಖಿಂಡಿಯಲ್ಲಿ 1674ರ ಫೆಬ್ರುವರಿ 24ರಂದು ಶಿವಾಜಿ ಮಹಾರಾಜರ ಸರನೋಬತ ಪ್ರತಾಪರಾವ್ ಗುಜರ್ ಆರು ಸವಾರರೊಂದಿಗೆ ಬಹಲೋಲ್ ಖಾನನ ದಂಡಿನೊಳಕ್ಕೆ ಕುದುರೆ ನುಗ್ಗಿಸಿ ಮಡಿದರು. ಗಡಹಿಂಗ್ಲಜ ತಾಲ್ಲೂಕಿನ ಮಕ್ಕಳಿಗೆ, ಮನೆಮಾತು ಮರಾಠಿಯಾಗಿರಲಿ ಕನ್ನಡವಾಗಿರಲಿ, ಈ ಕಥೆಯನ್ನು ಯಾರೂ ಹೇಳಿಕೊಡಬೇಕಿಲ್ಲ. ಆದರೆ ಅದೇ ಪ್ರತಾಪರಾವ್ ಹಿಂದಿನ ವರ್ಷ ಉಮರಾಣಿಯಲ್ಲಿ ಏನು ಮಾಡಿದ್ದರು ಎಂದು ಕೇಳಿ ನೋಡಿ. ವಿಜಾಪುರದ ಇದೇ ಸರದಾರನ ಸೈನ್ಯಕ್ಕೆ ನೀರಿನ ದಾರಿ ಕಟ್ಟಿ, ಬಾಯಾರಿಸಿ, ಮಣಿಸಿದ್ದರು. ಮಣಿದವನನ್ನು ಬಿಟ್ಟುಕಳಿಸಿದ್ದಕ್ಕೆ ಶಿವಾಜಿ ಮಹಾರಾಜರು ಸಿಟ್ಟಾದರು, ಆ ಸಿಟ್ಟಿನ ಪತ್ರವೇ ಅವರನ್ನು ನೇಸರಿಗೆ ಒಯ್ದಿತು ಎಂಬ ಪ್ರತೀತಿ ಇದೆ. ಸರನೋಬತರೊಬ್ಬರು ದಂಡನ್ನು ಹಿಂದೆ ಬಿಟ್ಟು ಏಳರಲ್ಲಿ ಒಬ್ಬರಾಗಿ ಸಾಯುವುದು ಶೌರ್ಯ ನಿಜ, ಸೇನಾಪತಿಯ ಕೆಲಸವಲ್ಲ. ಈ ಮಾತನ್ನು ಸ್ಮಾರಕದ ಮುಂದೆ ನಿಂತು ಗಟ್ಟಿಯಾಗಿ ಹೇಳುವ ಧೈರ್ಯ ನಮಗೂ ಕಡಿಮೆಯೇ.

ಉಮರಾಣಿಯನ್ನು ಮರೆತು ನೇಸರಿಯನ್ನಷ್ಟೇ ಮೆರೆಸುವ ಈ ರೂಢಿ ಈಗ ಇಡೀ ದೇಶದ ರೂಢಿಯಾಗುತ್ತಿದೆ. ಯುದ್ಧದ ಲೆಕ್ಕ ಹೇಳುವವರು ಬೇಡ, ಎದೆ ತಟ್ಟುವವರು ಬೇಕು ಎನ್ನುವ ಸ್ಥಿತಿಗೆ ಬಂದಿದ್ದೇವೆ. ಇದರ ಬೆಲೆ ಏನೆಂದು ತಿಳಿಯಲು ಕೊಲ್ಹಾಪುರಿಗರು ದೂರ ಹೋಗಬೇಕಿಲ್ಲ.

ಲೆಫ್ಟಿನೆಂಟ್ ಜನರಲ್ ಎಸ್.ಪಿ.ಪಿ. ಥೋರಾತ್ ಕೊಲ್ಹಾಪುರ ಸೀಮೆಯವರು. 1945ರಲ್ಲಿ ಬರ್ಮಾದ ಕಂಗಾವ್ ಕಾಳಗದಲ್ಲಿ ಮಡಿಕೇರಿಯ ಕೆ.ಎಸ್. ತಿಮ್ಮಯ್ಯ ಮತ್ತು ಎಲ್.ಪಿ. ಸೇನ್ ಅವರೊಂದಿಗೆ ಒಂದೊಂದು ಬೆಟಾಲಿಯನ್ ನಡೆಸಿದವರು; ಮೂವರಿಗೂ ಡಿಎಸ್ಒ ಪದಕ ಬಂತು. 1953ರಲ್ಲಿ ಕೊರಿಯಾದಲ್ಲಿ ಕದನವಿರಾಮವಾದಾಗ, ಸ್ವದೇಶಕ್ಕೆ ಮರಳಲು ಒಪ್ಪದ 22 ಸಾವಿರಕ್ಕೂ ಹೆಚ್ಚು ಯುದ್ಧಕೈದಿಗಳನ್ನು ಕಾಯುವ ಹೊಣೆ ಭಾರತದ ಮೇಲೆ ಬಿತ್ತು. ಅದಕ್ಕೆಂದು ರಚನೆಯಾದ ಆಯೋಗದ ಅಧ್ಯಕ್ಷರು ತಿಮ್ಮಯ್ಯ, ಕಾವಲುಪಡೆಯ ದಂಡನಾಯಕರು ಥೋರಾತ್.

ಮುಂದೆ ಪೂರ್ವ ಕಮಾಂಡಿನ ಮುಖ್ಯಸ್ಥರಾಗಿ ಥೋರಾತ್ 1959ರ ಅಕ್ಟೋಬರಿನಲ್ಲಿ ಒಂದು ಟಿಪ್ಪಣಿ ಬರೆದರು. ಚೀನಾ ಬರಬಹುದು, ಇಷ್ಟು ಬಲದೊಂದಿಗೆ ಬರಬಹುದು, ನಮ್ಮಲ್ಲಿರುವುದು ಇಷ್ಟು. ಮೆಕ್‌ಮಹೊನ್ ರೇಖೆಯ ಮೇಲೆಯೇ ಬೇರೂರಿ ನಿಲ್ಲುವುದು ಬೇಡ. ಗಡಿಠಾಣೆಗಳು ಎಚ್ಚರಿಕೆ ಕೊಟ್ಟು ಹಿಂದೆ ಸರಿಯಲಿ, ಶತ್ರುವಿನ ರಸದು ದಾರಿ ಉದ್ದವಾಗಿ ಅವನು ಸುಸ್ತಾದ ಜಾಗದಲ್ಲಿ ನಾವು ಗಟ್ಟಿಯಾಗಿ ತಡೆಯೋಣ ಎಂಬುದು ಅವರ ಯೋಜನೆ. 1960ರ ಮಾರ್ಚಿನಲ್ಲಿ ಲಖನೌದಲ್ಲಿ ‘ಲಾಲ್ ಕಿಲಾ’ ಎಂಬ ಸಮರಾಭ್ಯಾಸ ನಡೆಸಿ ಇದನ್ನೇ ತೋರಿಸಿದರು. ಸೇನಾ ಮುಖ್ಯಸ್ಥ ತಿಮ್ಮಯ್ಯ ಒಪ್ಪಿದರು. ರಕ್ಷಣಾ ಸಚಿವ ಕೃಷ್ಣ ಮೆನನ್ ತಳ್ಳಿಹಾಕಿದರು. 1961ರಲ್ಲಿ ತಿಮ್ಮಯ್ಯ ತಮ್ಮ ಜಾಗಕ್ಕೆ ಥೋರಾತ್ ಹೆಸರು ಸೂಚಿಸಿದರೆ, ಬಂದವರು ಪಿ.ಎನ್. ಥಾಪರ್. ಥೋರಾತ್ ನಿವೃತ್ತರಾದರು. ಆಮೇಲೆ ಠಾಣೆಗಳು ಮುಂದೆ ಮುಂದೆ ಹೋದವು, ರಸದು ಹಿಂದೆ ಉಳಿಯಿತು. 1962ರ ನವೆಂಬರಿನಲ್ಲಿ ಸೇಲಾ, ಬೊಮ್ದಿಲಾ ಬಿದ್ದವು. ಸೋಲಿನ ನಡುವೆ ನೆಹರೂ ಥೋರಾತರನ್ನು ಕರೆಸಿಕೊಂಡರು. ಆ ಟಿಪ್ಪಣಿ ತಮ್ಮ ಕಣ್ಣಿಗೇಕೆ ಬೀಳಲಿಲ್ಲ ಎಂದು ವಿಚಾರಿಸಿದರು. ಥೋರಾತ್ ತಮ್ಮ ಆತ್ಮಕಥೆಯಲ್ಲಿ ಇದನ್ನು ಬರೆದಿಟ್ಟಿದ್ದಾರೆ. ಕೊಲ್ಹಾಪುರದ ಕಾಲೇಜುಗಳಲ್ಲಿ ಎಷ್ಟು ಮಂದಿ ಅದನ್ನು ತೆರೆದು ನೋಡಿದ್ದಾರೋ.

ಇದು ನಮ್ಮ ದೇಶಕ್ಕಷ್ಟೇ ಅಂಟಿದ ರೋಗವಲ್ಲ. ಜಗತ್ತಿನ ಅತಿ ಬಲಿಷ್ಠವಾದ ಅಮೆರಿಕದ ಸೈನ್ಯ ಹೇಗೆ ಹಳಿ ತಪ್ಪುತ್ತಾ ಬಂತೆಂಬುದನ್ನೂ ನೋಡಬೇಕು. 1938ರ ಕೊನೆಯಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಸಭೆಯಲ್ಲಿ ವಿಮಾನಗಳ ಯೋಜನೆ ಹೇಳಿದಾಗ ಎಲ್ಲರೂ ತಲೆಯಾಡಿಸಿದರೆ, ಜಾರ್ಜ್ ಮಾರ್ಷಲ್ ಒಬ್ಬರೇ ಒಪ್ಪುವುದಿಲ್ಲ ಎಂದರು. ಅವರ ನೌಕರಿ ಮುಗಿಯಿತೆಂದು ಜೊತೆಯವರು ಭಾವಿಸಿದರು. ಮರುವರ್ಷ ರೂಸ್‌ವೆಲ್ಟ್ ಅವರನ್ನೇ ಸೇನಾ ಮುಖ್ಯಸ್ಥರನ್ನಾಗಿ ಮಾಡಿದರು. ಎರಡನೇ ಮಹಾಯುದ್ಧ ಗೆದ್ದ ಸೈನ್ಯ ಕಟ್ಟಿದ್ದು ಆ ಮಾರ್ಷಲ್.

ಹನ್ನೆರಡು ವರ್ಷ ಕಳೆಯುವಷ್ಟರಲ್ಲಿ ಗಾಳಿ ಬದಲಾಗಿತ್ತು. 1950ರ ಅಕ್ಟೋಬರ್ ಆರಂಭದಲ್ಲಿ ಚೀನಾದ ಪ್ರಧಾನಿ ಚೌ ಎನ್‌ಲಾಯ್ ನಡುರಾತ್ರಿ ಭಾರತದ ರಾಯಭಾರಿ ಕೆ.ಎಂ. ಪಣಿಕ್ಕರ್ ಅವರನ್ನು ಕರೆಸಿ, ಕೊರಿಯಾದಲ್ಲಿ ಅಮೆರಿಕದ ಪಡೆ 38ನೇ ಅಕ್ಷಾಂಶ ದಾಟಿದರೆ ಚೀನಾ ಸುಮ್ಮನಿರದು ಎಂದರು. ಆ ಎಚ್ಚರಿಕೆಯನ್ನು ವಾಷಿಂಗ್ಟನ್ ನಂಬಲಿಲ್ಲ. ಅದೇ ತಿಂಗಳ 15ರಂದು ಜನರಲ್ ಮೆಕಾರ್ಥರ್ ಅಧ್ಯಕ್ಷ ಟ್ರೂಮನ್‌ಗೆ ಚೀನಾ ಬರುವ ಸಾಧ್ಯತೆ ಬಹಳ ಕಡಿಮೆ ಎಂದು ಭರವಸೆ ಕೊಟ್ಟರು. ನವೆಂಬರ್ ಮುಗಿಯುವ ಮೊದಲೇ ಅವರ ಪಡೆ ಹಿಮದಲ್ಲಿ ಹಿಮ್ಮೆಟ್ಟುತ್ತಿತ್ತು. ವಿಯೆಟ್ನಾಂನಲ್ಲಿ ಇನ್ನೂ ಕೆಟ್ಟದ್ದು ನಡೆಯಿತು: ದಂಡನಾಯಕರಿಗೆ ಸತ್ಯ ಗೊತ್ತಿತ್ತು, ಬಾಯಿ ಬಿಡಲಿಲ್ಲ. 2003ರ ಫೆಬ್ರುವರಿಯಲ್ಲಿ ಸೇನಾ ಮುಖ್ಯಸ್ಥ ಜನರಲ್ ಶಿನ್ಸೆಕಿ ಬಾಯಿ ಬಿಟ್ಟರು. ಇರಾಕ್ ಹಿಡಿದಿಡಲು ಹಲವು ಲಕ್ಷ ಸೈನಿಕರು ಬೇಕು ಎಂದ ಅವರನ್ನು ರಕ್ಷಣಾ ಇಲಾಖೆಯ ಹಿರಿಯರೇ ಬಹಿರಂಗವಾಗಿ ಅಲ್ಲಗಳೆದರು. ಬಾಗ್ದಾದ್ ವಾರಗಳಲ್ಲಿ ಬಿತ್ತು, ಶಾಂತಿ ವರ್ಷಗಟ್ಟಲೆ ಬರಲಿಲ್ಲ. 2025ರ ಫೆಬ್ರುವರಿಯಲ್ಲಿ ಅಮೆರಿಕದ ಸೇನಾ ಮುಖ್ಯಸ್ಥರ ಮಂಡಳಿಯ ಅಧ್ಯಕ್ಷರನ್ನೇ ಅವಧಿಗೆ ಮುನ್ನ ಮನೆಗೆ ಕಳಿಸಲಾಯಿತು. ಇರಾನಿನ ಅಣುನೆಲೆಗಳ ಮೇಲಿನ ದಾಳಿ ಹೇಳಿಕೊಂಡಷ್ಟು ಹಾನಿ ಮಾಡಿಲ್ಲ ಎಂಬ ಮೊದಲ ಅಂದಾಜು ಹೊರಬಿದ್ದ ಎರಡು ತಿಂಗಳಿಗೆ, ಅದನ್ನು ತಯಾರಿಸಿದ ಸೇನಾ ಗುಪ್ತಚರ ಸಂಸ್ಥೆಯ ಮುಖ್ಯಸ್ಥರೂ ಹೋದರು.

ಅಮೆರಿಕನ್ನರನ್ನು ನೋಡಿ ನಗುವ ಮೊದಲು 2025ರ ಮೇ ತಿಂಗಳ ಭಾರತ–ಪಾಕಿಸ್ತಾನ ಸಂಘರ್ಷವನ್ನು ನೆನೆಯೋಣ. ಕರಾಚಿ ಬಂದರು ಹೊತ್ತಿ ಉರಿಯಿತು ಎಂದು ಚಾನೆಲ್‌ಗಳು ಕೂಗಿದ ಆ ರಾತ್ರಿ, ಇಚಲಕರಂಜಿಯ ಮಗ್ಗದ ಶೆಡ್ಡಿನಿಂದ ಹಿಡಿದು ನಮ್ಮ ಪತ್ರಿಕಾ ಕಚೇರಿಗಳವರೆಗೆ ಆ ಸುಳ್ಳನ್ನು ಮುಂದೆ ತಳ್ಳದ ಮೊಬೈಲ್ ಇತ್ತೇ? ತಿಂಗಳ ಕೊನೆಗೆ ರಕ್ಷಣಾ ಪಡೆಗಳ ಮುಖ್ಯಸ್ಥ ಅನಿಲ್ ಚೌಹಾಣ್ ಸಿಂಗಾಪುರದಲ್ಲಿ, ನಾವೂ ವಿಮಾನ ಕಳೆದುಕೊಂಡೆವು, ಏಕೆ ಬಿದ್ದವು ಎಂಬುದೇ ಮುಖ್ಯ, ತಪ್ಪನ್ನು ಕಂಡು ತಿದ್ದಿಕೊಂಡೆವು ಎಂದರು. ಸೈನಿಕನೊಬ್ಬ ಆಡಬೇಕಾದ ಮಾತೇ ಅದು. ಆದರೆ ನಾವು ಚರ್ಚಿಸಿದ್ದು ಅದನ್ನು ಹೇಳಬೇಕಿತ್ತೇ, ಎಲ್ಲಿ ಹೇಳಬೇಕಿತ್ತು ಎಂಬುದನ್ನು. ತಪ್ಪು ಯಾವುದು ಎಂದು ಕೇಳಿದವರು ಬೆರಳೆಣಿಕೆಯಷ್ಟು ಜನ. ಮಾಜಿ ಸೇನಾ ಮುಖ್ಯಸ್ಥ ನರವಣೆ ಅವರ ಆತ್ಮಕಥೆ 2024ರ ಆರಂಭಕ್ಕೆ ಬರಬೇಕಿತ್ತು, ಪರಿಶೀಲನೆಗೆಂದು ನಮ್ಮ ರಕ್ಷಣಾ ಸಚಿವಾಲಯದ ಒಳಗೆ ಹೋಗಿ ಅಲ್ಲೇ ಕೂತಿತು.

ಈ ಜಿಲ್ಲೆಯ ಹಳ್ಳಿಗಳಿಂದ ಹುಡುಗರು ತಲೆತಲಾಂತರದಿಂದ ಸೈನ್ಯಕ್ಕೆ ಹೋಗಿದ್ದಾರೆ. ಈಗ ಅಗ್ನಿವೀರರಾಗಿ ಹೋಗುತ್ತಾರೆ. ನಾಲ್ಕು ವರ್ಷಕ್ಕೆ ನಾಲ್ವರಲ್ಲಿ ಒಬ್ಬನಿಗಷ್ಟೇ ಕಾಯಂ ಜಾಗ. ಮೇಲೆ ಕೂತವರು ಲೆಕ್ಕ ತಪ್ಪಿದರೆ ತೆರುವವರು ಈ ಮನೆಗಳವರೇ. 1962ರ ಸೋಲಿನ ಕಾರಣ ಹುಡುಕಿದ ಹೆಂಡರ್ಸನ್ ಬ್ರೂಕ್ಸ್–ಭಗತ್ ವರದಿ 1963ರಲ್ಲೇ ಸಿದ್ಧವಾಯಿತು. ಯಾವ ಪಕ್ಷದ ಸರ್ಕಾರವೂ ಅದನ್ನು ಸಂಸತ್ತಿನ ಮುಂದಿಡಲಿಲ್ಲ. 2014ರಲ್ಲಿ ವಿದೇಶಿ ಪತ್ರಕರ್ತರೊಬ್ಬರು ಅದರ ಒಂದು ಭಾಗ ಹೊರಗಿಟ್ಟ ಮೇಲೂ ಇಡಲಿಲ್ಲ. ಕೊಲ್ಹಾಪುರ ಮತ್ತು ಹಾತಕಣಂಗಲೆಯ ಇಬ್ಬರು ಸಂಸದರು ಮುಂದಿನ ಅಧಿವೇಶನದಲ್ಲಿ ಎದ್ದು ನಿಂತು ಆ ವರದಿಯನ್ನೂ ಥೋರಾತರ ಟಿಪ್ಪಣಿಯ ಪೂರ್ಣಪಾಠವನ್ನೂ ಸದನದ ಮೇಜಿನ ಮೇಲೆ ಇಡಿ ಎಂದು ಕೇಳಬೇಕು. ಉತ್ತರ ಕೊಡದಿದ್ದರೆ ಮತ್ತೆ ಕೇಳಬೇಕು.