ಇಂಗ್ಲಿಷು ಯಾರ ಸೊತ್ತು?

ಹಳ್ಳಿಯ ಹುಡುಗನೊಬ್ಬ ಇಂಗ್ಲಿಷಿನಲ್ಲಿ ಒಳ್ಳೆಯ ಅಂಕ ಪಡೆದು ಪಟ್ಟಣಕ್ಕೆ ಕೆಲಸ ಕೇಳಲು ಬರುತ್ತಾನೆ. ಎದುರು ಕುಳಿತವರು ಆ ಭಾಷೆಯಲ್ಲಿ ಊರು ಕೇರಿ ವಿಚಾರಿಸಿದೊಡನೆ ಅವನ ಬಾಯಿ ಕಟ್ಟಿಹೋಗುತ್ತದೆ. ಅವನು ದಡ್ಡನೇ? ಅಲ್ಲ. ವರ್ಷಗಟ್ಟಲೆ ಇಂಗ್ಲಿಷು ಬರೆದವನಿಗೆ ಹತ್ತು ನಿಮಿಷ ಅದನ್ನು ಆಡುವ ಅವಕಾಶವನ್ನು ಯಾರೂ ಕೊಟ್ಟಿರಲಿಲ್ಲ.

ಈ ತಪ್ಪಿನಲ್ಲಿ ನಮಗೂ ಪಾಲಿದೆ. ಮೆಟ್ರಿಕ್ ಓದಿನ ಬಲದ ಮೇಲೆ ಮೇಷ್ಟರಾಗಿದ್ದಾಗ ನಾವೂ ಪಾಠವನ್ನು ಗಟ್ಟಿಯಾಗಿ ಓದಿ, ಮಕ್ಕಳಿಂದ ಒಕ್ಕೊರಲಿನಲ್ಲಿ ಹೇಳಿಸಿ ತೃಪ್ತರಾದೆವು. ನಮ್ಮ ನಾಲಿಗೆಯೇ ತಡವರಿಸುತ್ತಿದ್ದುದರಿಂದ ಅವರನ್ನು ಮಾತಿಗೆಳೆಯಲು ಅಂಜಿದೆವು.

ಉಳ್ಳವರ ಮಕ್ಕಳ ಕಿವಿಗೆ ಇಂಗ್ಲಿಷು ಮನೆಯಲ್ಲೇ ಬೀಳುತ್ತದೆ. ಬಡವರ ಮಕ್ಕಳಿಗೆ ಆ ಭಾಗ್ಯವಿರಲಿಲ್ಲ. ಈಗ ಯೂಟ್ಯೂಬು, ಇನ್‌ಸ್ಟಾಗ್ರಾಂಗಳ ವಿಡಿಯೋಗಳು ಗೋಡೆಯಲ್ಲೊಂದು ಕಿಂಡಿ ತೆರೆದಿವೆ. ಬಿ.ಬಿ.ಸಿ.ಯ ಇಂಗ್ಲಿಷ್ ಪಾಠಗಳೂ ಶುಲ್ಕವಿಲ್ಲದೆ ದೊರೆಯುತ್ತವೆ.

ಆದರೆ ದಡದಲ್ಲಿ ಕುಳಿತು ನೋಡಿದವನಿಗೆ ಈಜು ಬಂದೀತೇ? ಒಂದೇ ನಿಮಿಷದ ವಿಡಿಯೋ ಸಾಕು. ಮೊದಲು ಸುಮ್ಮನೆ ಕೇಳಲಿ. ಬಳಿಕ ವೇಗ ತಗ್ಗಿಸಿ, ವಾಕ್ಯಕ್ಕೊಮ್ಮೆ ನಿಲ್ಲಿಸಿ, ಅದರಂತೆ ನುಡಿಯಲಿ. ಆಮೇಲೆ ಅದನ್ನು ಮುಚ್ಚಿಟ್ಟು ನಿನ್ನೆಯ ಸಂತೆಯನ್ನೋ ಅಪ್ಪನ ಗದ್ದೆಯನ್ನೋ ಕುರಿತು ತನ್ನ ಮಾತಿನಲ್ಲಿ ಹೇಳಿ ಫೋನಿನಲ್ಲಿ ಚಿತ್ರಿಸಿಕೊಳ್ಳಲಿ. 'ಸ್ಕೂಲ್' ಎನ್ನುವಲ್ಲಿ 'ಇಸ್ಕೂಲು' ಎಂದುದು ಆಗ ತನ್ನ ಕಿವಿಗೇ ಕೇಳಿಸುತ್ತದೆ. ತಿದ್ದಿಕೊಂಡು ಮತ್ತೊಮ್ಮೆ ಆಡಲಿ. ಜೊತೆಯವನು ಪ್ರಶ್ನೆ ಕೇಳಲಿ. ಎದುರಿಗೊಬ್ಬ ಕೇಳುವವನಿಲ್ಲದೆ ಮಾತು ಪಳಗುವುದಿಲ್ಲ.

ಇದನ್ನು ಜಗತ್ತಿಗೆ ತೋರಿಸಬೇಕಾಗಿಲ್ಲ. ಇನ್‌ಸ್ಟಾಗ್ರಾಮಿನಲ್ಲಿ ಖಾತೆ ತೆರೆಯಲು 13 ವರ್ಷ ತುಂಬಿರಬೇಕೆಂಬುದು ಆ ಕಂಪನಿಯದೇ ನಿಯಮ. ಮಗುವಿನ ಮುಖ ತರಗತಿಯ ಹೊಸ್ತಿಲು ದಾಟದಿರಲಿ. ಎಲ್ಲರೂ ಕೇಳಿದ ಮೇಲೆ ಅಳಿಸಿಬಿಡಲಿ. ಜಾಹೀರಾತಿನಿಂದ ಬದುಕುವ ಕಂಪನಿಗಳಿಗೆ ಬೇಕಾದುದು ಮಕ್ಕಳ ಮಾತಲ್ಲ, ಮಕ್ಕಳ ಕಣ್ಣು. ಒಂದು ಪಾಠದ ಹಿಂದೆ ಹತ್ತು ಕುಣಿತಗಳನ್ನು ತಂದು ನಿಲ್ಲಿಸುವುದು ಅವರ ವ್ಯಾಪಾರ. ಆದುದರಿಂದಲೇ ಮೇಷ್ಟರು ಜೊತೆಯಲ್ಲಿರಬೇಕು.

ಲೋಹಿಯಾರವರ ಅನುಯಾಯಿಗಳಾಗಿ ಇಂಗ್ಲಿಷಿಗೆ ಹಾದಿ ಹೇಳುತ್ತೀರಾ ಎಂದು ಸಂಗಾತಿಗಳು ಕೇಳಬಹುದು. ಆಡಳಿತ ಕನ್ನಡದಲ್ಲಿ ನಡೆಯಲಿ, ಕಲಿಕೆ ಕನ್ನಡದಲ್ಲಿ ನಡೆಯಲಿ ಎಂಬ ನಮ್ಮ ನಿಲುವು ಬದಲಾಗಿಲ್ಲ. ಆದರೆ ಕೆಲವರು ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡಿರುವಾಗ ಬಡವನ ಮಗ ಬಾಗಿಲ ಹೊರಗೆ ನಿಂತಿರಬೇಕೆಂಬುದು ಸಮಾಜವಾದವಲ್ಲ.

ಕರ್ನಾಟಕ ಸರಕಾರವು 2007ರಲ್ಲಿ ಒಂದನೆಯ ತರಗತಿಯಿಂದ ಇಂಗ್ಲಿಷನ್ನು ಒಂದು ವಿಷಯವಾಗಿ ತಂದಿತು. ಪುಸ್ತಕ ಕೊಟ್ಟರೆ ಸಾಲದು. ಪ್ರತಿ ಸರಕಾರಿ ಶಾಲೆಗೆ ಒಂದು ಪರದೆ, ಮೇಷ್ಟರಿಗೆ ಮಾತಿನ ತರಬೇತಿ, ಪ್ರತಿ ಮಗುವಿಗೆ ವಾರಕ್ಕೊಮ್ಮೆ ಬಾಯಿ ಬಿಡುವ ಸರದಿ, ಇಷ್ಟು ನಮ್ಮ ಬೇಡಿಕೆ. ಓದುಗರು ತಮ್ಮೂರ ಶಾಲೆಯ ಮುಂದಿನ ಸಭೆಯಲ್ಲಿ ಇದನ್ನು ಕೇಳಲಿ.