ಅರಿವಿನ ದಾಸೋಹ ಲೈನ್ ಮನೆಗೂ ತಲುಪಲಿ



ಮೆಣಸು ಕೊಯ್ಲಿನ ಕಾಲ ಬಂತೆಂದರೆ ಮಗ್ಗೆಯಿಂದ ಸಕಲೇಶಪುರದವರೆಗೆ ತೋಟ ತೋಟಗಳಲ್ಲಿ ಅಲ್ಯುಮಿನಿಯಂ ಏಣಿಗಳು ಹೊರಬರುತ್ತವೆ. ಅವುಗಳ ಜೊತೆಗೇ ಒಂದು ಅಂಜಿಕೆಯೂ ಬರುತ್ತದೆ. ಮರದಿಂದ ಮರಕ್ಕೆ ಏಣಿಯನ್ನು ನೆಟ್ಟಗೆ ಹಿಡಿದು ಒಯ್ಯುವಾಗ ಅದು ಮೇಲಿನ ವಿದ್ಯುತ್ ತಂತಿಗೆ ತಗುಲಿ ಕೂಲಿಯವರು ಸತ್ತ ಸುದ್ದಿ ಹಾಸನ, ಕೊಡಗು, ಚಿಕ್ಕಮಗಳೂರು ಜಿಲ್ಲೆಗಳಿಂದ ಮತ್ತೆ ಮತ್ತೆ ಬರುತ್ತಿದೆ. ಏಣಿಯನ್ನು ಮಲಗಿಸಿಯೇ ಒಯ್ಯಬೇಕು, ತಂತಿ ಹಾದ ಕಡೆ ಲೋಹದ ಏಣಿ ಕೂಡದು. ಈ ಎರಡು ಮಾತು ಕೆಲಸದ ಮೊದಲ ದಿನವೇ ಪ್ರತಿಯೊಬ್ಬರ ಕಿವಿಗೆ ಬೀಳುವಂತಾದರೆ ಎಷ್ಟೋ ಜೀವ ಉಳಿಯುತ್ತವೆ ಎಂದು ನಾನು ನಂಬಿದ್ದೇನೆ. ಕಡಿಮೆ ಖರ್ಚಿನ ಧ್ವನಿ ಪಾಠಗಳ, ಅಂದರೆ ಈಗ ಎಲ್ಲರೂ ಪಾಡ್‌ಕಾಸ್ಟ್ ಎನ್ನುವುದರ ವಿಚಾರವನ್ನು ಈ ಸಲ ಎತ್ತಿಕೊಂಡಿರುವುದು ಇದಕ್ಕಾಗಿ.

ಬಸವಾದಿ ಶರಣರು ಅರಿವನ್ನು ದುಡಿಯುವವರ ಮಾತಿನಲ್ಲಿ ಹೇಳಿದರು. ಹಗ್ಗ ಹೊಸೆಯುವ ನುಲಿಯ ಚಂದಯ್ಯ, ಬಟ್ಟೆ ಮಡಿ ಮಾಡುವ ಮಾಚಿದೇವ, ದೋಣಿ ನಡೆಸುವ ಚೌಡಯ್ಯ, ಅಕ್ಕಿ ಆಯುವ ಮಾರಯ್ಯ ಮತ್ತು ಲಕ್ಕಮ್ಮ ಕೇಳುವವರಾಗಿ ಮಾತ್ರ ಉಳಿಯಲಿಲ್ಲ, ತಾವೇ ನುಡಿದರು. ಆ ನುಡಿಗಳು ಓಲೆಗರಿಯಲ್ಲಿ ಮರೆಯಾಗುತ್ತಿದ್ದಾಗ ಫ.ಗು. ಹಳಕಟ್ಟಿಯವರು 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಹೊರತಂದರು. 1925ರಲ್ಲಿ ವಿಜಾಪುರದಲ್ಲಿ ಮನೆ ಮಾರಿ ಹಿತಚಿಂತಕ ಮುದ್ರಣಾಲಯ ಹಾಕಿದರು, ಮರುವರ್ಷ ‘ಶಿವಾನುಭವ’ ಪತ್ರಿಕೆ ಆರಂಭಿಸಿದರು. ಅಂದು ಜನರನ್ನು ಮುಟ್ಟಲು ಮುದ್ರಣಯಂತ್ರ ಬೇಕಿತ್ತು, ಅದಕ್ಕೆ ಒಂದು ಮನೆಯ ಬೆಲೆ ತೆರಬೇಕಾಯಿತು. ಇಂದು ಆ ಸಾಧನ ನಮ್ಮ ಜೇಬಿನಲ್ಲೇ ಇದೆ. ಅದರಲ್ಲಿ ಪ್ರವಚನ, ಪಟ್ಟಾಭಿಷೇಕ, ಮೆರವಣಿಗೆಗಳನ್ನು ಹಿಡಿದು ಹಂಚುತ್ತೇವೆ. ನಮ್ಮ ದಾಸೋಹಕ್ಕೆ ಮೂಲವಾದ ಬೆವರು ಯಾರದೋ ಅವರ ಕೈಕಾಲು ಉಳಿಸುವ ಐದು ನಿಮಿಷದ ಮಾತನ್ನು ಯಾಕೆ ಹಿಡಿಯುತ್ತಿಲ್ಲ?

ಇದು ಆಗದ ಕೆಲಸವೇನಲ್ಲ. 2018ರಲ್ಲಿ ಕಾಫಿ ಮಂಡಳಿ ‘ಕಾಫಿ ಕೃಷಿ ತರಂಗ’ ಎಂಬ ಸೇವೆಯನ್ನು ಹಾಸನ, ಚಿಕ್ಕಮಗಳೂರು ಜಿಲ್ಲೆಗಳಲ್ಲೇ ಮೊದಲು ತಂದಿತು. ಬೆಳೆಗಾರರ ಫೋನಿಗೆ ಕನ್ನಡದಲ್ಲಿ ಧ್ವನಿ ಸಲಹೆ ಬರುವ ವ್ಯವಸ್ಥೆ ಅದು. ಅದಕ್ಕೂ ಎಷ್ಟೋ ಮೊದಲು ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ‘ನಮ್ಮ ಧ್ವನಿ’ ಹುಟ್ಟಿತು. ಸಂಘಸಂಸ್ಥೆಗಳಿಗೆ ಬಾನುಲಿ ಪರವಾನಗಿ ಸಿಗುವಂತಾದದ್ದು 2006ರಲ್ಲಿ. ಅದಕ್ಕೆ ಕಾಯದೆ ಆ ಊರಿನ ಸ್ವಸಹಾಯ ಸಂಘದ ಹೆಣ್ಣುಮಕ್ಕಳು ತಾವೇ ಕಾರ್ಯಕ್ರಮ ಧ್ವನಿಮುದ್ರಿಸಿ ಧ್ವನಿವರ್ಧಕದಲ್ಲಿ, ಆಮೇಲೆ ಕೇಬಲ್ ತಂತಿಯಲ್ಲಿ ಮನೆಮನೆಗೆ ಕೇಳಿಸಿದರು. ಬೆಳೆಗಾರನಿಗೆ ಸಲಹೆ ಬರುತ್ತದೆ. ಬೆಳೆಗಾರನ ತೋಟದಲ್ಲಿ ಔಷಧಿ ಹೊಡೆಯುವವನಿಗೆ ಹೇಳುವವರು ಯಾರು? ನಮ್ಮ ಕೆಲಸ ಶುರುವಾಗಬೇಕಾದದ್ದು ಅಲ್ಲಿಂದ.

ಒಂದು ಉದಾಹರಣೆ ನೋಡಿ. ಕೀಟನಾಶಕದ ಡಬ್ಬಿಯ ಮೇಲೆ ಬಣ್ಣದ ಗುರುತು ಇರುತ್ತದೆ. ಕೆಂಪು ಅತಿ ಘೋರ ವಿಷ, ಆಮೇಲೆ ಹಳದಿ, ನೀಲಿ, ಕೊನೆಗೆ ಹಸಿರು. ಅಕ್ಷರ ಬಾರದವರೂ ಬಣ್ಣ ಗುರುತಿಸಬಲ್ಲರು, ಆದರೆ ಆ ಬಣ್ಣದ ಅರ್ಥವನ್ನು ಒಬ್ಬರು ಬಾಯಿಬಿಟ್ಟು ಹೇಳಬೇಕು. ಗಾಳಿಗೆ ಎದುರಾಗಿ ಹೊಡೆಯಬಾರದು, ಸೋಪು ಹಾಕಿ ಕೈ ತೊಳೆಯದೆ ಎಲೆ-ಅಡಿಕೆ ಬಾಯಿಗೆ ಹಾಕಬಾರದು ಎನ್ನುವುದನ್ನೂ ಹೇಳಬೇಕು. ಆನೆ ಎಲ್ಲಿದೆ ಎಂದು ಅರಣ್ಯ ಇಲಾಖೆ ಮೊಬೈಲಿಗೆ ಸಂದೇಶ ಕಳಿಸುತ್ತದೆ. ಅದನ್ನು ಓದಲಾರದವರು ಬೆಳಗ್ಗೆ ಮಂಜಿನಲ್ಲಿ ತೋಟಕ್ಕೆ ನಡೆದೇ ಹೋಗುತ್ತಾರೆ. ಏಣಿ, ಔಷಧಿ, ಆನೆ, ಮರಗಸಿ, ಹಾವು ಕಚ್ಚಿದಾಗ ಏನು ಮಾಡಬೇಕು: ಐದು ವಿಷಯ, ಐದು ಪಾಠ. ಆರಂಭಕ್ಕೆ ಇಷ್ಟು ಸಾಕು.

ಖರ್ಚು ಹೆಚ್ಚಿಲ್ಲ. ಇರುವ ಫೋನು, ಕೆಲವು ನೂರು ರೂಪಾಯಿಯ ಕಾಲರ್ ಮೈಕು, ಕಂಪ್ಯೂಟರಿನಲ್ಲಿ ಉಚಿತವಾಗಿ ಸಿಗುವ ಆಡಾಸಿಟಿ ತಂತ್ರಾಂಶ. ಮಠದ ಒಂದು ಸಣ್ಣ ಕೋಣೆಯಲ್ಲಿ ಗೋಡೆಗೆ ಕಂಬಳಿ ಇಳಿಬಿಟ್ಟರೆ ಮಾತು ಮೊಳಗುವುದಿಲ್ಲ. ಮುಂಗಾರಿನಲ್ಲಿ ತಗಡಿನ ಮಾಡಿನ ಕೆಳಗೆ ಧ್ವನಿಮುದ್ರಣ ಆಗದ ಮಾತು, ಆದ್ದರಿಂದ ಮಳೆಗೆ ಮುಂಚೆಯೇ ಮುಗಿಸಬೇಕು. ಬಾಯಿಂದ ಒಂದು ಗೇಣು ದೂರದಲ್ಲಿ ಮೈಕು ಇರಲಿ. ಒಂದು ಪಾಠಕ್ಕೆ ಒಂದೇ ವಿಷಯ, ಐದು ನಿಮಿಷ ಮೀರದಿರಲಿ. 64 ಕೆಬಿಪಿಎಸ್‌ನಲ್ಲಿ ಉಳಿಸಿದರೆ ಅಂಥ ಪಾಠ ಎರಡೂವರೆ ಎಂಬಿ ದಾಟದು. 2020ರ ಲಾಕ್‌ಡೌನಿನಲ್ಲಿ ಮಲೆನಾಡಿನ ಮಕ್ಕಳು ಆನ್‌ಲೈನ್ ಪಾಠಕ್ಕಾಗಿ ನೆಟ್‌ವರ್ಕ್ ಹುಡುಕಿ ಗುಡ್ಡ ಹತ್ತಿದ್ದನ್ನು ಮರೆತಿಲ್ಲವಷ್ಟೆ. ವಿಡಿಯೋ ತೆರೆಯದ ಕಡೆಯೂ ಇಷ್ಟು ಸಣ್ಣ ಕಡತ ವಾಟ್ಸಾಪಿನಲ್ಲಿ ಇಳಿಯುತ್ತದೆ. ಅದೂ ಆಗದಿದ್ದರೆ ಮೆಮೊರಿ ಕಾರ್ಡಿನಲ್ಲಿ ಲೈನ್ ಮನೆಯಿಂದ ಲೈನ್ ಮನೆಗೆ ಹೋಗುತ್ತದೆ.

ಇದಕ್ಕಿಂತ ದೊಡ್ಡ ಪ್ರಶ್ನೆ ಮಾತನಾಡುವವರು ಯಾರು ಎಂಬುದು. ದಯವಿಟ್ಟು ಇದು ಇನ್ನೊಂದು ಪ್ರವಚನವಾಗದಿರಲಿ. ಇಪ್ಪತ್ತು ವರ್ಷ ಮೆಣಸು ಕೊಯ್ದ ಹೆಂಗಸು ತನ್ನ ಮಾತಿನಲ್ಲಿ ಹೇಳಿದ್ದು ನಾಟುವಷ್ಟು ನಮ್ಮ ಗ್ರಾಂಥಿಕ ಕನ್ನಡ ನಾಟದು. ಇಂದು ನಮ್ಮ ತೋಟಗಳಿಗೆ ಅಸ್ಸಾಮಿನಿಂದ, ಉತ್ತರದ ಬೇರೆ ರಾಜ್ಯಗಳಿಂದ ಬಂದವರೂ ದುಡಿಯುತ್ತಿದ್ದಾರೆ. ಅವರಲ್ಲೇ ಕನ್ನಡ ಕಲಿತವರೊಬ್ಬರನ್ನು ಕೂರಿಸಿ ಅದೇ ಪಾಠವನ್ನು ಅವರ ಭಾಷೆಯಲ್ಲೂ ಹೇಳಿಸಬೇಕು. ಕಾಶ್ಮೀರದಿಂದ ಬಂದ ಮೋಳಿಗೆ ಮಾರಯ್ಯನನ್ನು, ಸೌರಾಷ್ಟ್ರದಿಂದ ಬಂದ ಆದಯ್ಯನನ್ನು ತನ್ನವರೆಂದು ಕರೆದ ಪರಂಪರೆ ನಮ್ಮದು. ಹೊರಗಿನವರು ಎಂಬ ಮಾತು ನಮ್ಮ ಬಾಯಲ್ಲಿ ಬರಬಾರದು. ಪಾಠ ಮುಗಿದ ಮೇಲೆ ಕೇಳಿದವರಿಂದಲೇ ಮೂರು ಮಾತು ತಿರುಗಿ ಹೇಳಿಸಿ. ಹೇಳಲಾಗದಿದ್ದರೆ ತಪ್ಪು ಕೇಳಿದವರದಲ್ಲ, ಪಾಠದ್ದು. ಮತ್ತೆ ಮಾಡಬೇಕು.

ತೋಟದ ಮಾಲೀಕರಾಗಿರುವ ಭಕ್ತರಿಗೆ ಒಂದು ಮಾತು. ಧ್ವನಿ ಪಾಠ ಕೇಳಿಸಿದೆವು, ನಮ್ಮ ಹೊಣೆ ಮುಗಿಯಿತು ಎನ್ನುವಂತಿಲ್ಲ. ಕೈಗವಸು ಕೊಡದೆ ಕೈಗವಸು ಹಾಕಿಕೊಳ್ಳಿ ಎಂದು ಕೇಳಿಸುವುದು ಅಣಕ. ಪಾಠ ಕೇಳುವ ಅರ್ಧ ಗಂಟೆ ಕೂಲಿಯ ಲೆಕ್ಕದಲ್ಲೇ ಬರಬೇಕು, ಊಟದ ಬಿಡುವಿನಿಂದ ಕದ್ದದ್ದಾಗಬಾರದು. ತಂತಿಯ ಕೆಳಗೆ ಏಣಿ ಒಯ್ಯಲಾರೆ ಎಂದವನನ್ನು ಮರುದಿನ ಕೆಲಸದಿಂದ ಬಿಡಿಸಿದರೆ ಆ ಪಾಠಕ್ಕೆ ಅರ್ಥವೇ ಇಲ್ಲ. ಕಾಯಕ ಪವಿತ್ರವೆಂದು ವೇದಿಕೆಯಲ್ಲಿ ಹೇಳುವವರು ಕಾಯಕ ಮಾಡುವವನ ಕಾಯವನ್ನೂ ಕಾಯಬೇಕು.

ಪ್ರತಿ ಮಠವೂ ಮುಂದಿನ ಕೊಯ್ಲಿಗೆ ಮುಂಚೆ ಈ ಐದು ಪಾಠಗಳನ್ನು ಸಿದ್ಧಮಾಡಲಿ ಎಂಬುದು ನನ್ನ ಬಿನ್ನಹ. ಮಠದ ಶಾಲೆ, ಕಾಲೇಜುಗಳ ಮಕ್ಕಳಿಗೆ ಧ್ವನಿಮುದ್ರಣದ ಕೆಲಸ ಒಪ್ಪಿಸಿ, ಅವರೂ ಕಲಿಯುತ್ತಾರೆ. ಒಂದು ಮಠ ಮಾಡಿದ್ದನ್ನು ಇನ್ನೊಂದು ಮಠ ಹೆಸರಿನ ಹಂಗಿಲ್ಲದೆ ಹಂಚಲಿ. ಅನ್ನದಾಸೋಹದ ಪಂಕ್ತಿಯಲ್ಲಿ ನಾವು ಯಾರನ್ನೂ ಬಿಡುವುದಿಲ್ಲ. ಅರಿವಿನ ಪಂಕ್ತಿಯಲ್ಲೂ ಯಾರೂ ಬಿಟ್ಟುಹೋಗದಿರಲಿ.